ತರಗತಿಯಲ್ಲಿ ಫಿಟ್ಸ್ ಬಂತು, ಈಗ ಯಾರಿಗೆ ಏನು ಹೇಳೋದು?

ಪ್ರಶ್ನೆ: ನಾನು ಎಂಟನೇ ತರಗತಿಯ ಶಿಕ್ಷಕಿ. ಮೂರು ವಾರದ ಹಿಂದೆ, ಪರೀಕ್ಷೆ ನಡೆಯುವಾಗ ನನ್ನ ತರಗತಿಯ 13 ವರ್ಷದ ಹುಡುಗಿಯೊಬ್ಬಳು ಕಿರುಚಿಕೊಂಡು ಬೆಂಚಿನಿಂದ ಕೆಳಗೆ ಬಿದ್ದಳು. ಕೈಕಾಲು ಸೆಟೆದುಕೊಂಡು ಅದುರತೊಡಗಿದವು. ಬಾಯಲ್ಲಿ ನೊರೆ, ತುಟಿ ನೀಲಿ. ನಾಲಿಗೆ ನುಂಗಿಬಿಡುತ್ತಾಳೆ ಅಂತ ಪಕ್ಕದ ಕೊಠಡಿಯ ಶಿಕ್ಷಕರು ಹಲ್ಲಿನ ನಡುವೆ ಚಮಚ ತುರುಕಿದರು. ಮುಂದಿನ ಹಲ್ಲು ಮುರಿಯಿತು. ಇಬ್ಬರು ಕೈಕಾಲು ಒತ್ತಿ ಹಿಡಿದರು. ಇನ್ನೊಬ್ಬರು ವಿಡಿಯೊ ಮಾಡಿ ಶಿಕ್ಷಕರ ಗ್ರೂಪಿಗೆ ಹಾಕಿದರು. ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಂತಿತು. ಈಗ ಮಾತ್ರೆ ಶುರುವಾಗಿದೆ, ಶಾಲೆಗೂ ಬರುತ್ತಿದ್ದಾಳೆ. ಆದರೆ ಅವಳ ಪಕ್ಕ ಕೂರಲು ಮಕ್ಕಳು ಹಿಂದೆಮುಂದೆ ನೋಡುತ್ತಾರೆ. ಇಬ್ಬರು ಪೋಷಕರು ಫೋನ್ ಮಾಡಿ ಇದು ಅಂಟುತ್ತಾ ಅಂತ ಕೇಳಿದರು. ಮುಖ್ಯ ಶಿಕ್ಷಕಿ ಜಾಗೃತಿ ಕಾರ್ಯಕ್ರಮ ಮಾಡಿ ಅನ್ನುತ್ತಿದ್ದಾರೆ. ಹುಡುಗಿಯ ತಾಯಿ ಮಾತ್ರ, "ದಯವಿಟ್ಟು ಯಾರಿಗೂ ಹೇಳಬೇಡಿ ಮೇಡಂ, ತಲೆಸುತ್ತು ಅಂತ ಹೇಳಿಬಿಡಿ" ಅಂತ ಅತ್ತರು. ಮಾತಿನ ನಡುವೆ, "ಕೆಲವು ತಿಂಗಳಿಂದ ಬೆಳಿಗ್ಗೆ ಬ್ರಷ್ಷು, ಬಾಚಣಿಗೆ ಕೈಯಿಂದ ಹಾರಿ ಬೀಳ್ತಿತ್ತು. ನಿದ್ದೆಗೆಟ್ಟು ಓದ್ತಾಳಲ್ಲ, ಅದಕ್ಕೇ ಇರಬೇಕು ಅಂತ ಸುಮ್ನಿದ್ದೆ" ಅಂದರು. ನಾವು ಮಾಡಿದ್ದರಲ್ಲಿ ಯಾವುದು ಸರಿ, ಯಾವುದು ತಪ್ಪು? ತಾಯಿಯ ಮಾತು ಕೇಳಲೋ, ಕಾರ್ಯಕ್ರಮ ಮಾಡಲೋ?

ಉತ್ತರ:

ಮೇಡಂ, ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಇನ್ನೊಂದು ಸಲ ಹೀಗಾದರೆ ಏನು ಮಾಡಬೇಕು ಅನ್ನೋದು ಒಂದು. ಈ ಹುಡುಗಿಯ ವಿಷಯ ಯಾರಿಗೆ ಎಷ್ಟು ತಿಳಿಯಬೇಕು ಅನ್ನೋದು ಇನ್ನೊಂದು. ಇವೆರಡನ್ನೂ ಬೇರೆ ಮಾಡಿದರೆ ಅರ್ಧ ಗೊಂದಲ ಹೋಗುತ್ತದೆ. ಫಿಟ್ಸ್ ಅಂದರೇನು, ಬಂದಾಗ ಏನು ಮಾಡಬೇಕು ಅನ್ನೋದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು. ಇವಳಿಗೆ ಫಿಟ್ಸ್ ಇದೆ ಅನ್ನೋದು ಅವಳ ಸ್ವಂತ ವಿಷಯ. ಅದನ್ನು ಹೇಳಲು ಅವಳ ಮತ್ತು ಅವಳ ಮನೆಯವರ ಒಪ್ಪಿಗೆ ಬೇಕು.

ಮೊದಲು ಆ ಎರಡು ಮೂರು ನಿಮಿಷದಲ್ಲಿ ಏನಾಯಿತು ಅಂತ ನೋಡೋಣ.

ಮಿದುಳಿನ ಜೀವಕೋಶಗಳು ಸಣ್ಣ ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಮಾತಾಡಿಕೊಳ್ಳುತ್ತವೆ. ಮಾಮೂಲಿಯಾಗಿ ಒಂದು ಗುಂಪು ಮಾತಾಡುವಾಗ ಇನ್ನೊಂದು ಸುಮ್ಮನಿರುತ್ತದೆ. ಫಿಟ್ಸ್ ಬಂದಾಗ ಆ ಶಿಸ್ತು ತಪ್ಪುತ್ತದೆ. ನಿಮ್ಮ ತರಗತಿಯಲ್ಲಿ ಎಲ್ಲ ಮಕ್ಕಳೂ ಒಂದೇ ಸಲ, ಒಂದೇ ತಾಳಕ್ಕೆ ಕೂಗಿದರೆ ಹೇಗಿರುತ್ತದೆ, ಹಾಗೆ. ಇಡೀ ಮಿದುಳಿಗೆ ಅದು ಹಬ್ಬಿದಾಗ ಪ್ರಜ್ಞೆ ತಪ್ಪುತ್ತದೆ, ಮೈಯ ಎಲ್ಲ ಸ್ನಾಯುಗಳೂ ಒಟ್ಟಿಗೆ ಬಿಗಿಯುತ್ತವೆ. ಎದೆಯ ಸ್ನಾಯು ಬಿಗಿದಾಗ ಒಳಗಿನ ಗಾಳಿ ಗಂಟಲಿನಿಂದ ರಭಸವಾಗಿ ಹೊರಗೆ ಬರುತ್ತದೆ. ನೀವು ಕೇಳಿದ ಕಿರುಚು ಅದು. ಅವಳು ನೋವಿಗೋ ಹೆದರಿಕೆಗೋ ಕೂಗಿದ್ದಲ್ಲ, ಅವಳಿಗೆ ಅದು ನೆನಪೂ ಇರುವುದಿಲ್ಲ. ಆ ಹೊತ್ತಿನಲ್ಲಿ ಉಸಿರು ಸರಿಯಾಗಿ ಆಡದ ಕಾರಣ ತುಟಿ ನೀಲಿಯಾಗುತ್ತದೆ. ಎಂಜಲು ನುಂಗಲು ಆಗುವುದಿಲ್ಲ, ಅದೇ ಉಸಿರಿನ ಜೊತೆ ಸೇರಿ ನೊರೆಯಾಗುತ್ತದೆ. ಹಲ್ಲಿಗೆ ನಾಲಿಗೆ ಸಿಕ್ಕಿದ್ದರೆ ನೊರೆಯಲ್ಲಿ ರಕ್ತ ಕಾಣುತ್ತದೆ. ನೋಡುವವರಿಗೆ ಇದು ಸಾವಿನ ಹಾಗೆ ಕಾಣುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಹೆಚ್ಚಿನ ಸಲ ಒಂದರಿಂದ ಮೂರು ನಿಮಿಷದಲ್ಲಿ ಮಿದುಳೇ ಅದನ್ನು ನಿಲ್ಲಿಸಿಕೊಳ್ಳುತ್ತದೆ.

ಈ ಕೊನೆಯ ಮಾತನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಳ್ಳಿ. ಫಿಟ್ಸ್ ಬಗ್ಗೆ ಇರುವ ಎಷ್ಟೋ ತಪ್ಪು ನಂಬಿಕೆಗಳು ಹುಟ್ಟಿದ್ದೇ ಇದರಿಂದ. ಒಬ್ಬರು ಕೈಗೆ ಏನೋ ಹಿಡಿಸುತ್ತಾರೆ, ಒಬ್ಬರು ಮೂಗಿಗೆ ಏನೋ ಹಿಡಿಯುತ್ತಾರೆ, ಇನ್ನೊಬ್ಬರು ಮುಖಕ್ಕೆ ನೀರು ಹೊಡೆಯುತ್ತಾರೆ. ಅಷ್ಟರಲ್ಲಿ ಫಿಟ್ಸ್ ತಾನಾಗಿ ನಿಂತಿರುತ್ತದೆ. ನಿಲ್ಲುವ ಹೊತ್ತಿಗೆ ಯಾರ ಕೈಯಲ್ಲಿ ಏನಿತ್ತೋ ಅದಕ್ಕೆ ಹೆಸರು ಬರುತ್ತದೆ. ಕಣ್ಣಾರೆ ನೋಡಿದ್ದೇನೆ ಡಾಕ್ಟ್ರೇ ಅಂತ ಜನ ಹೇಳುವಾಗ ಅವರು ಸುಳ್ಳು ಹೇಳುತ್ತಿರುವುದಿಲ್ಲ. ನೋಡಿದ್ದು ನಿಜ, ಅದರಿಂದ ನಿಂತಿತು ಅಂದುಕೊಂಡಿದ್ದು ಮಾತ್ರ ತಪ್ಪು.

ಇನ್ನು ಚಮಚದ ವಿಷಯ. ನಾಲಿಗೆ ನುಂಗಲು ಯಾರಿಗೂ ಆಗುವುದಿಲ್ಲ. ಅದು ಬಾಯಿಯ ತಳಕ್ಕೆ, ದವಡೆಯ ಮೂಳೆಗೆ ಅಂಟಿಕೊಂಡಿರುವ ಸ್ನಾಯು. ನಾಲಿಗೆ ಕಚ್ಚಿಕೊಳ್ಳುವುದು ನಿಜ, ಆದರೆ ದವಡೆ ಬಿಗಿಯುವ ಮೊದಲ ಕ್ಷಣದಲ್ಲೇ ಅದು ಆಗಿಹೋಗುತ್ತದೆ. ನೀವು ಓಡಿ ಬರುವ ಹೊತ್ತಿಗೆ ಕಚ್ಚಿಯಾಗಿರುತ್ತದೆ. ಕಚ್ಚಿದ ನಾಲಿಗೆ ಸಾಮಾನ್ಯವಾಗಿ ಕೆಲವು ದಿನದಲ್ಲಿ ವಾಸಿಯಾಗುತ್ತದೆ. ಮುರಿದ ಹಲ್ಲು ಮತ್ತೆ ಬರುವುದಿಲ್ಲ, ಮುರಿದ ತುಂಡು ಶ್ವಾಸನಾಳಕ್ಕೆ ಇಳಿದರೆ ಅದು ಫಿಟ್ಸ್‌ಗಿಂತ ದೊಡ್ಡ ಅಪಾಯ. ಬೆರಳು ಇಟ್ಟವರ ಬೆರಳೇ ಸೀಳಿಹೋಗಿದ್ದನ್ನು ನಾನು ಆಸ್ಪತ್ರೆಯಲ್ಲಿ ನೋಡಿದ್ದೇನೆ. ಹಾಗಾಗಿ ಬಾಯಿಗೆ ಏನೂ ಹಾಕಬಾರದು. ಚಮಚ, ಬಟ್ಟೆ, ಬೆರಳು, ನೀರು, ಮಾತ್ರೆ, ಯಾವುದೂ ಬೇಡ.

ನಿಮ್ಮ ಸಹೋದ್ಯೋಗಿಯನ್ನು ಯಾರೂ ದೂರಬೇಡಿ. ಅವರಿಗೆ ಗೊತ್ತಿದ್ದದ್ದನ್ನು ಅವರು ಮಾಡಿದರು. ಓಡಿ ಬಂದರಲ್ಲ, ಅದು ಸಣ್ಣದಲ್ಲ. ಕಾರ್ಯಕ್ರಮ ಮಾಡುವುದಾದರೆ ಅವರನ್ನೂ ಜೊತೆಗೆ ಸೇರಿಸಿಕೊಳ್ಳಿ.

ಕೈಕಾಲು ಒತ್ತಿ ಹಿಡಿಯುವುದೂ ತಪ್ಪು. ಅದುರು ಬರುತ್ತಿರುವುದು ಮಿದುಳಿನಿಂದ. ಕೈ ಹಿಡಿದರೆ ಅದು ನಿಲ್ಲುವುದಿಲ್ಲ, ಭುಜದ ಕೀಲು ತಪ್ಪಬಹುದು, ಸ್ನಾಯು ಹರಿಯಬಹುದು.

ಹಾಗಾದರೆ ಮಾಡುವುದು ಏನು? ಮೊದಲನೆಯದು, ಗಡಿಯಾರ ನೋಡಿ. ಇದನ್ನು ಜನ ಮರೆಯುತ್ತಾರೆ, ಆದರೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ. ಗಾಬರಿಯಲ್ಲಿ ಒಂದು ನಿಮಿಷ ಹತ್ತು ನಿಮಿಷದ ಹಾಗೆ ಅನ್ನಿಸುತ್ತದೆ. ತರಗತಿಯ ಒಬ್ಬ ವಿದ್ಯಾರ್ಥಿಗೆ "ನೀನು ಟೈಮ್ ನೋಡು" ಅಂತ ಹೇಳಿ, ಮಗುವಿಗೂ ಒಂದು ಕೆಲಸ ಸಿಗುತ್ತದೆ. ನಂತರ ಸುತ್ತ ಇರುವ ಬೆಂಚು, ಜಾಮಿಟ್ರಿ ಬಾಕ್ಸು, ಬ್ಯಾಗು ದೂರ ಸರಿಸಿ. ಕನ್ನಡಕ ಇದ್ದರೆ ತೆಗೆಯಿರಿ. ತಲೆಯ ಕೆಳಗೆ ಮಡಚಿದ ಬಟ್ಟೆಯನ್ನೋ ನಿಮ್ಮ ಅಂಗೈಯನ್ನೋ ಇಡಿ. ಕುತ್ತಿಗೆಗೆ ಟೈ ಇದ್ದರೆ, ಕಾಲರ್ ಬಿಗಿಯಿದ್ದರೆ ಸಡಿಲ ಮಾಡಿ. ಅದುರುವುದು ಕಡಿಮೆಯಾಗುತ್ತಿದ್ದ ಹಾಗೆ ಮೆಲ್ಲಗೆ ಒಂದು ಮಗ್ಗುಲಿಗೆ ತಿರುಗಿಸಿ, ಬಾಯಿ ಸ್ವಲ್ಪ ಕೆಳಮುಖವಾಗಿರಲಿ. ಆಗ ಎಂಜಲು, ವಾಂತಿ ಹೊರಗೆ ಹರಿದುಹೋಗುತ್ತದೆ, ಉಸಿರಿನ ದಾರಿ ತೆರೆದಿರುತ್ತದೆ. ಉಸಿರಾಟ ಸರಿಯಾಗಿ ಬರುತ್ತಿದೆಯಾ ಅಂತ ನೋಡುತ್ತಿರಿ.

ಇನ್ನೊಬ್ಬರು ಉಳಿದ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಲಿ. ಫಿಟ್ಸ್ ಬಂದಾಗ ಕೆಲವರಿಗೆ ಮೂತ್ರ ಹೋಗಿರುತ್ತದೆ. ಎಚ್ಚರವಾದಾಗ 13 ವರ್ಷದ ಹುಡುಗಿಗೆ ಮೊದಲು ಕಾಣಬೇಕಾದದ್ದು ನಲವತ್ತು ಜೊತೆ ಕಣ್ಣುಗಳಲ್ಲ. ಮೇಲೆ ಒಂದು ಬಟ್ಟೆ ಹೊದಿಸಿ. "ನಿಂಗೆ ಫಿಟ್ಸ್ ಬಂದಿತ್ತು, ಈಗ ಹೋಯ್ತು, ನಾನಿಲ್ಲೇ ಇದ್ದೀನಿ" ಅಂತ ಹೇಳಿ. ಅದು ಅವಳಿಗೆ ಕೂಡಲೇ ಅರ್ಥವಾಗದೇ ಇರಬಹುದು. ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಗೊಂದಲ ಇರುತ್ತದೆ, ಕೆಲವರು ಎದ್ದು ಓಡಲು ನೋಡುತ್ತಾರೆ, ತಡೆದವರನ್ನು ತಳ್ಳುತ್ತಾರೆ. ಅದು ಸಿಟ್ಟಲ್ಲ. ಹಿಡಿದು ನಿಲ್ಲಿಸದೆ, ಅಪಾಯದ ಕಡೆ ಹೋಗದ ಹಾಗೆ ಜೊತೆಗಿದ್ದರೆ ಸಾಕು. ಆಮೇಲೆ ನಿದ್ದೆ ಬಂದರೆ ಮಲಗಲಿ. ಪೂರ್ತಿ ಎಚ್ಚರವಾಗುವ ತನಕ ಕುಡಿಯಲು ತಿನ್ನಲು ಏನೂ ಕೊಡಬೇಡಿ.

ಆಂಬುಲೆನ್ಸ್ ಯಾವಾಗ ಬೇಕು? ಅದುರುವುದು 5 ನಿಮಿಷ ದಾಟಿದರೆ ಖಂಡಿತ ಬೇಕು. ಐದು ನಿಮಿಷದ ಮೇಲೆ ಫಿಟ್ಸ್ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ, ಮಿದುಳಿಗೆ ಪೆಟ್ಟಾಗುವ ಭಯ ಜಾಸ್ತಿಯಾಗುತ್ತದೆ. ಗಡಿಯಾರ ನೋಡಿ ಅಂದಿದ್ದು ಇದಕ್ಕೇ. ಒಂದು ನಿಂತು ಪ್ರಜ್ಞೆ ಬರುವ ಮೊದಲೇ ಇನ್ನೊಂದು ಬಂದರೆ, ನಿಂತ ಮೇಲೂ ಉಸಿರು ಸರಿಹೋಗದಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ನೀರಿನಲ್ಲಿ ಬಂದಿದ್ದರೆ, ಸಕ್ಕರೆ ಕಾಯಿಲೆ ಇರುವವರಿಗೆ ಅಥವಾ ಗರ್ಭಿಣಿಗೆ ಬಂದರೆ, ಆಗಲೂ ಕಾಯಬೇಡಿ. ಜೀವನದಲ್ಲಿ ಮೊದಲ ಸಲ ಬಂದ ಫಿಟ್ಸ್‌ಗೂ ಆಸ್ಪತ್ರೆ ಬೇಕು.

ಈಗ ಪೋಷಕರ ಪ್ರಶ್ನೆ. ಇದು ಅಂಟುವುದಿಲ್ಲ. ಪಕ್ಕ ಕೂತರೆ, ಕೈ ಹಿಡಿದರೆ, ಊಟ ಹಂಚಿಕೊಂಡರೆ, ನೊರೆ ಕೈಗೆ ತಾಗಿದರೆ, ಯಾವುದರಿಂದಲೂ ಇನ್ನೊಬ್ಬರಿಗೆ ಬರುವುದಿಲ್ಲ. ಇದು ಮಿದುಳಿನ ಕಾಯಿಲೆ, ಮಾನಸಿಕ ಕಾಯಿಲೆ ಅಲ್ಲ. ಬುದ್ಧಿಗೂ ಇದಕ್ಕೂ ನೇರ ಸಂಬಂಧ ಇಲ್ಲ. ಪ್ರಪಂಚದಲ್ಲಿ ಸುಮಾರು 5 ಕೋಟಿ ಜನಕ್ಕೆ ಮೂರ್ಛೆ ರೋಗ, ಅಂದರೆ ಮತ್ತೆ ಮತ್ತೆ ಫಿಟ್ಸ್ ಬರುವ ಕಾಯಿಲೆ, ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಡುತ್ತದೆ. ದೆವ್ವ, ಶಾಪ ಅನ್ನುವ ಮಾತಿಗೆ ಉತ್ತರ ಹೊಸದೇನಲ್ಲ. ಸುಮಾರು 2400 ವರ್ಷದ ಹಿಂದೆಯೇ, ಹಿಪೊಕ್ರೆಟಿಸ್ ಎಂಬ ವೈದ್ಯನ ಹೆಸರಿನಲ್ಲಿ ಉಳಿದಿರುವ ಗ್ರೀಕ್ ಬರಹವೊಂದು, ಇದು ದೇವರು ಕೊಟ್ಟ ಕಾಯಿಲೆಯಲ್ಲ, ಮಿದುಳಿನಲ್ಲಿ ಹುಟ್ಟುವ ಕಾಯಿಲೆ ಅಂತ ಸ್ಪಷ್ಟವಾಗಿ ಹೇಳಿದೆ.

ಯಾಕೆ ಬರುತ್ತದೆ ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. ಹುಟ್ಟುವಾಗ ಮಿದುಳಿಗೆ ಆಮ್ಲಜನಕ ಕಡಿಮೆಯಾಗಿದ್ದು, ತಲೆಗೆ ಬಿದ್ದ ಪೆಟ್ಟು, ಮಿದುಳು ಜ್ವರ, ಲಾಡಿಹುಳುವಿನ ಮರಿ ಮಿದುಳಿಗೆ ಸೇರಿದ್ದು, ಪಾರ್ಶ್ವವಾಯು, ಗೆಡ್ಡೆ, ವಂಶವಾಹಿಯ ವ್ಯತ್ಯಾಸ, ಹೀಗೆ ಪಟ್ಟಿ ಉದ್ದ ಇದೆ. ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಕಾರಣ ಸಿಗುವುದೇ ಇಲ್ಲ. ಇನ್ನೊಂದು ಮಾತು: ಒಂದು ಸಲ ಫಿಟ್ಸ್ ಬಂದವರಿಗೆಲ್ಲ ಮೂರ್ಛೆ ರೋಗ ಇದೆ ಅಂತಲ್ಲ. ನೂರಕ್ಕೆ ಹತ್ತು ಜನಕ್ಕೆ ಜೀವನದಲ್ಲಿ ಒಮ್ಮೆಯಾದರೂ ಫಿಟ್ಸ್ ಬರಬಹುದು. ಜ್ವರ, ಸಕ್ಕರೆ ಇಳಿಯುವುದು ಮುಂತಾದ ತಕ್ಷಣದ ಕಾರಣ ಇಲ್ಲದೆ, ಒಂದು ದಿನಕ್ಕಿಂತ ಹೆಚ್ಚು ಅಂತರದಲ್ಲಿ ಎರಡು ಸಲ ಬಂದರೆ, ಇಲ್ಲವೇ ಒಂದೇ ಸಲ ಬಂದರೂ ಮತ್ತೆ ಬರುವ ಸಾಧ್ಯತೆ ತುಂಬ ಇದೆ ಅಂತ ಪರೀಕ್ಷೆಯಲ್ಲಿ ಕಂಡರೆ ಮಾತ್ರ ನಾವು ಆ ಹೆಸರು ಹೇಳುತ್ತೇವೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಬ್ರಷ್ಷು, ಬಾಚಣಿಗೆ ಬೀಳುವ ಮಾತಿನ ಮೇಲೆ. ಪತ್ರ ಓದಿ ರೋಗ ಇಂಥದ್ದೇ ಅಂತ ಹೇಳಲು ಬರುವುದಿಲ್ಲ, ಹೇಳಲೂಬಾರದು. ಆದರೆ ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆ ರೋಗದಲ್ಲಿ ಹೀಗೆಯೇ ಆಗುತ್ತದೆ. ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿನಲ್ಲಿ ಭುಜ, ಕೈ ಒಮ್ಮೆಲೇ ಶಾಕ್ ಹೊಡೆದ ಹಾಗೆ ಜಗ್ಗುತ್ತವೆ. ಕೈಯಲ್ಲಿದ್ದದ್ದು ಹಾರಿ ಬೀಳುತ್ತದೆ. ಎಚ್ಚರ ಇರುತ್ತದೆ, ಹಾಗಾಗಿ ಯಾರೂ ಇದನ್ನು ಫಿಟ್ಸ್ ಅಂದುಕೊಳ್ಳುವುದಿಲ್ಲ. ಗಮನ ಇಲ್ಲ, ಒರಟು ಕೈ ಅಂತ ಬೈಸಿಕೊಂಡೇ ತಿಂಗಳುಗಟ್ಟಲೆ ಹೋಗುತ್ತದೆ. ನಿದ್ದೆಗೆಟ್ಟ ಮಾರನೇ ದಿನ ದೊಡ್ಡ ಫಿಟ್ಸ್ ಬಂದಾಗಲೇ ಆಸ್ಪತ್ರೆಗೆ ಬರುವುದು. ಪರೀಕ್ಷೆಯ ದಿನಗಳಲ್ಲಿ ಇಂಥ ಮಕ್ಕಳು ನನ್ನ ಬಳಿ ಬರುವುದು ಜಾಸ್ತಿ.

ಇದು ಯಾಕೆ ಮುಖ್ಯ ಅಂದರೆ, ಫಿಟ್ಸ್‌ಗೆ ಕೊಡುವ ಎಲ್ಲ ಮಾತ್ರೆಗಳೂ ಒಂದೇ ಅಲ್ಲ. ಕಾರ್ಬಮಜೆಪಿನ್, ಫೆನಿಟಾಯಿನ್ ಬೇರೆ ಬಗೆಯ ಫಿಟ್ಸ್‌ಗೆ ಒಳ್ಳೆಯ ಔಷಧಿಗಳು. ಆದರೆ ಈ ಬೆಳಗಿನ ಜಗ್ಗುವಿಕೆಯನ್ನು ಅವು ಇನ್ನೂ ಜಾಸ್ತಿ ಮಾಡಬಹುದು. ಸೋಡಿಯಂ ವಾಲ್ಪ್ರೊಯೇಟ್ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಮುಂದೆ ಗರ್ಭಿಣಿಯಾದಾಗ ಅದನ್ನು ತೆಗೆದುಕೊಳ್ಳುತ್ತಿದ್ದರೆ ಮಗುವಿನ ಅಂಗಗಳಿಗೆ, ಬುದ್ಧಿಯ ಬೆಳವಣಿಗೆಗೆ ತೊಂದರೆಯಾಗುವ ಅಪಾಯ ದೊಡ್ಡದು. ಅದಕ್ಕೇ ಹೆಣ್ಣುಮಕ್ಕಳಿಗೆ ಸಾಧ್ಯವಾದಷ್ಟೂ ಬೇರೆ ಔಷಧಿ ಹುಡುಕುತ್ತೇವೆ. ಬೆಳಗಿನ ಜಗ್ಗುವಿಕೆಯ ವಿಷಯವನ್ನು ಡಾಕ್ಟರಿಗೆ ಹೇಳಿದ್ದೀರಾ ಅಂತ ತಾಯಿಯನ್ನು ಕೇಳಿ. ಹೇಳಿರದಿದ್ದರೆ ಮುಂದಿನ ಭೇಟಿಯ ತನಕ ಕಾಯದೆ ಫೋನ್ ಮಾಡಿ ಹೇಳಲಿ. ತಾವಾಗಿ ಮಾತ್ರೆ ನಿಲ್ಲಿಸುವುದು ಮಾತ್ರ ಬೇಡ. ದಿಢೀರ್ ಅಂತ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬರಬಹುದು.

ಆ ವಿಡಿಯೊ ವಿಷಯ ಸ್ವಲ್ಪ ಸೂಕ್ಷ್ಮ. ನಮಗೆ ವಿಡಿಯೊ ತುಂಬ ಉಪಯೋಗಕ್ಕೆ ಬರುತ್ತದೆ. ಫಿಟ್ಸ್ ಬರುವಾಗ ಡಾಕ್ಟರ್ ಎದುರಿಗೆ ಇರುವುದು ಅಪರೂಪ. ಮಿದುಳಿನ ವಿದ್ಯುತ್ ಸಂಕೇತಗಳನ್ನು ದಾಖಲಿಸುವ ಇಇಜಿ ಪರೀಕ್ಷೆ ಒಂದು ಸಲ ನಾರ್ಮಲ್ ಬಂದರೂ ಕಾಯಿಲೆ ಇಲ್ಲ ಅಂತ ಅರ್ಥವಲ್ಲ. ಯಾವ ಕೈ ಮೊದಲು ಅದುರಿತು, ಕಣ್ಣು ತೆರೆದಿತ್ತಾ, ತಲೆ ಯಾವ ಕಡೆ ತಿರುಗಿತು ಅನ್ನೋದನ್ನು ವಿಡಿಯೊ ತೋರಿಸುತ್ತದೆ. ಒಂದು ಪ್ರತಿ ತಾಯಿಗೆ ಕೊಡಿ. ಉಳಿದ ಎಲ್ಲರ ಫೋನಿನಿಂದ, ಆ ಗ್ರೂಪಿನಿಂದ, ಇವತ್ತೇ ಅಳಿಸಿಹಾಕಿ. ಇದನ್ನು ಮುಖ್ಯ ಶಿಕ್ಷಕಿಯೇ ನಿಂತು ಮಾಡಿಸಬೇಕು. ಆ ವಿಡಿಯೊ ಹೊರಗೆ ಹೋದರೆ ಯಾವ ಕಾರ್ಯಕ್ರಮವೂ ಅದರ ಗಾಯ ವಾಸಿ ಮಾಡುವುದಿಲ್ಲ.

ಇನ್ನು ನಿಮ್ಮ ಕಷ್ಟದ ಪ್ರಶ್ನೆಗೆ ಬರುತ್ತೇನೆ. ತಾಯಿಯ ಹೆದರಿಕೆಯನ್ನು ಅಜ್ಞಾನ ಅಂತ ತಳ್ಳಿಹಾಕಬೇಡಿ. ಮಗಳನ್ನು ಜನ ದೂರ ಇಡುತ್ತಾರೆ, ನಾಳೆ ಕೆಲಸಕ್ಕೆ, ಮದುವೆಗೆ ಅಡ್ಡ ಬರುತ್ತದೆ ಅಂತ ಅವರು ಹೆದರಿದ್ದಾರೆ. ಹಾಗೆ ಆಗಿದ್ದನ್ನು ಎಷ್ಟೋ ಮನೆಗಳಲ್ಲಿ ನಾನು ನೋಡಿದ್ದೇನೆ. ಕಾಯಿಲೆಗಿಂತ ಜನರ ನೋಟದಿಂದಲೇ ಸೋತುಹೋದ ರೋಗಿಗಳಿದ್ದಾರೆ.

ಹಾಗಂತ ಯಾರಿಗೂ ಹೇಳದೇ ಇದ್ದರೆ? ಅದರ ಬೆಲೆಯೂ ಗೊತ್ತಿರಲಿ. ತಲೆಸುತ್ತು ಅಂತ ಹೇಳಿದರೆ, ಮುಂದಿನ ಸಲ ಫಿಟ್ಸ್ ಬಂದಾಗ ಸುತ್ತ ಇರುವವರು ಮತ್ತೆ ಚಮಚವನ್ನೇ ಹುಡುಕುತ್ತಾರೆ. ಈಜು, ಎತ್ತರದ ಏಣಿ, ಪ್ರಯೋಗಾಲಯದ ಬೆಂಕಿ, ಇವುಗಳ ಹತ್ತಿರ ಯಾರೂ ಎಚ್ಚರ ವಹಿಸುವುದಿಲ್ಲ. ಮುಚ್ಚಿಡುವ ಮನೆಗಳಲ್ಲಿ ಇನ್ನೊಂದು ನಡೆಯುತ್ತದೆ. ನೆಂಟರು ಬಂದಿದ್ದಾರೆ ಅಂತ ಮಾತ್ರೆ ತಪ್ಪುತ್ತದೆ, ಪ್ರವಾಸದಲ್ಲಿ ಗೆಳತಿಯರು ನೋಡುತ್ತಾರೆ ಅಂತ ಮಾತ್ರೆ ತಪ್ಪುತ್ತದೆ. ಮಾತ್ರೆ ತಪ್ಪಿದ್ದು ಮತ್ತು ನಿದ್ದೆಗೆಟ್ಟಿದ್ದು, ಫಿಟ್ಸ್ ಮತ್ತೆ ಬಂತು ಅಂತ ಬರುವವರ ಹತ್ತಿರ ನಾನು ಮೊದಲು ಕೇಳುವುದು ಈ ಎರಡನ್ನೇ. ಅದೂ ಅಲ್ಲದೆ, ನಿಮ್ಮ ತರಗತಿಯ ಮಕ್ಕಳು ಎಲ್ಲವನ್ನೂ ನೋಡಿಯಾಗಿದೆ. ನೀವು ಸುಮ್ಮನಿದ್ದರೆ ಆ ಜಾಗವನ್ನು ಗುಸುಗುಸು ತುಂಬುತ್ತದೆ, ಅಲ್ವಾ?

ಇಡೀ ತರಗತಿಗೆ ಅವಳ ಹೆಸರು ಹಿಡಿದು ವಿವರಿಸುವುದು ಇನ್ನೊಂದು ದಾರಿ. ಕೆಲವು ಮಕ್ಕಳಿಗೆ ಅದು ದೊಡ್ಡ ಬಿಡುಗಡೆ. ಬಚ್ಚಿಡುವ ಭಾರ ಇಳಿಯುತ್ತದೆ, ಗೆಳತಿಯರೇ ಕಾವಲಾಗುತ್ತಾರೆ. ಆದರೆ ಒಮ್ಮೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಅವಳು ಮನಸ್ಸಿನಿಂದ ಒಪ್ಪದೆ, ದೊಡ್ಡವರು ಕೇಳಿದರು ಅಂತ ತಲೆಯಾಡಿಸಿದರೆ ಅದು ಒಪ್ಪಿಗೆ ಅಲ್ಲ. ಈಗ ಬರೇ ಮೂರು ವಾರ ಆಗಿದೆ. ಇದು ಆ ಹೊತ್ತಲ್ಲ ಅಂತ ನನಗನ್ನಿಸುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ತಾಯಿ, ಮಗಳು ಇಬ್ಬರ ಜೊತೆ ಕೂತು ಇಷ್ಟು ಕೇಳುತ್ತಿದ್ದೆ: "ಇವಳ ಸುರಕ್ಷತೆಗೆ ಗೊತ್ತಿರಲೇಬೇಕಾದವರು ಯಾರು ಯಾರು, ನೀವೇ ಹೇಳಿ." ಸಾಮಾನ್ಯವಾಗಿ ಅದು ತರಗತಿ ಶಿಕ್ಷಕಿ, ಆಟದ ಶಿಕ್ಷಕರು, ಕಚೇರಿಯಲ್ಲಿ ಒಬ್ಬರು ಮತ್ತು ಹುಡುಗಿಯೇ ಆರಿಸಿದ ಒಬ್ಬ ಗೆಳತಿ. ಆ ಗೆಳತಿಯ ಆಯ್ಕೆ ಮಾತ್ರ ಪೂರ್ತಿ ಅವಳಿಗೇ ಬಿಡಿ. ಮಾತು ಹೊರಗೆ ಹೋಗುವ ಅಪಾಯ ಇದರಲ್ಲೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಯಾರಿಗೂ ಹೇಳದೇ ಇರುವುದಕ್ಕಿಂತ ಇದು ಎಷ್ಟೋ ವಾಸಿ.

ಅದರ ಜೊತೆಗೆ, ಶಾಲೆಗೆಲ್ಲ ಒಂದು ಪ್ರಥಮ ಚಿಕಿತ್ಸೆಯ ಪಾಠ ಮಾಡಿ. ಬರೀ ಫಿಟ್ಸ್ ಬಗ್ಗೆ ಇಟ್ಟುಕೊಂಡರೆ ಎಲ್ಲರ ಕಣ್ಣು ಒಂದೇ ಬೆಂಚಿನ ಕಡೆ ತಿರುಗುತ್ತದೆ. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ, ಆಸ್ತಮಾ ಬಂದರೆ, ರಕ್ತ ಸುರಿದರೆ, ಫಿಟ್ಸ್ ಬಂದರೆ, ಹೀಗೆ ನಾಲ್ಕನ್ನು ಸೇರಿಸಿ. ಎಲ್ಲ ತರಗತಿಗಳಿಗೂ ಮಾಡಿ. ಹುಡುಗಿಗೆ ಮೊದಲೇ ತಿಳಿಸಿ, ಆ ಹೊತ್ತಿಗೆ ತರಗತಿಯಲ್ಲಿ ಇರುವುದೋ ಬೇಡವೋ ಅವಳೇ ತೀರ್ಮಾನಿಸಲಿ. ಆಗಲೂ ಕೆಲವರು ಅವಳನ್ನು ನೋಡುತ್ತಾರೆ, ಅದನ್ನು ಪೂರ್ತಿ ತಪ್ಪಿಸಲು ಆಗದು.

ಪಾಠ ಹೇಗಿರಬೇಕು ಅನ್ನುವುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಭಾಷಣ ಮತ್ತು ಪೋಸ್ಟರ್ ಮಾತ್ರ ಇದ್ದರೆ ಗಾಬರಿಯ ಹೊತ್ತಿಗೆ ಏನೂ ನೆನಪಿಗೆ ಬರುವುದಿಲ್ಲ, ಕೈ ಹಳೆಯ ದಾರಿಯಲ್ಲೇ ಹೋಗುತ್ತದೆ. ಕೈಗೆ ಕೆಲಸ ಕಲಿಸಿ. ಒಬ್ಬ ಶಿಕ್ಷಕರು ನೆಲದ ಮೇಲೆ ಮಲಗಲಿ. ಮಕ್ಕಳು ಇಬ್ಬಿಬ್ಬರಾಗಿ ಬಂದು ಟೈಮ್ ನೋಡುವುದು, ಸುತ್ತ ಸಾಮಾನು ಸರಿಸುವುದು, ತಲೆಗೆ ಬಟ್ಟೆ ಇಡುವುದು, ಮಗ್ಗುಲಿಗೆ ತಿರುಗಿಸುವುದನ್ನು ಮಾಡಿ ನೋಡಲಿ. ಅದುರುವುದನ್ನು ನಟಿಸಿ ತೋರಿಸುವುದು ಬೇಡ, ಮಕ್ಕಳು ಅದನ್ನೇ ಆಟ ಮಾಡಿಕೊಳ್ಳುತ್ತಾರೆ. ಬಾಯಿಗೆ ಏನೂ ಹಾಕಬಾರದು ಅನ್ನುವುದನ್ನು ಎಲ್ಲರೂ ಒಟ್ಟಿಗೆ ಜೋರಾಗಿ ಹೇಳಲಿ. ಮೂರು ನಾಲ್ಕು ತಿಂಗಳಿಗೆ ಮತ್ತೊಮ್ಮೆ ಮಾಡಿಸಿ. ದಿನ ಬೇಕು ಅಂದರೆ, ಫೆಬ್ರವರಿಯ ಎರಡನೇ ಸೋಮವಾರ ಅಂತರರಾಷ್ಟ್ರೀಯ ಮೂರ್ಛೆ ರೋಗ ದಿನ. ಮಾರ್ಚ್ 26 ಪರ್ಪಲ್ ಡೇ, ಕೆನಡಾದ ಕ್ಯಾಸಿಡಿ ಮೇಗನ್ ಎಂಬ ಹುಡುಗಿ ತನಗೂ ಇದೇ ಕಾಯಿಲೆ ಇದ್ದುದರಿಂದ 2008ರಲ್ಲಿ, ಒಂಬತ್ತು ವರ್ಷದವಳಿದ್ದಾಗ ಶುರು ಮಾಡಿದ್ದು. ನಿಮ್ಮ ಮಕ್ಕಳಿಗೆ ಈ ಕಥೆ ಹೇಳಿ. ಹೇಳುವುದನ್ನು ತಾನೇ ಆರಿಸಿಕೊಂಡ ಮಗು ಎಷ್ಟು ದೂರ ಹೋಗಬಹುದು ಅನ್ನುವುದು ಗೊತ್ತಾಗುತ್ತದೆ.

ಶಿಕ್ಷಕರಿಗೆ ಪ್ರತ್ಯೇಕವಾಗಿ ಒಂದು ವಿಷಯ ಹೇಳಲೇಬೇಕು. ಎಲ್ಲ ಫಿಟ್ಸ್‌ನಲ್ಲೂ ಮೈ ಅದುರುವುದಿಲ್ಲ. ಪಾಠ ಓದುತ್ತಿದ್ದ ಮಗು ಮಧ್ಯದಲ್ಲಿ ನಿಂತು, ಐದು ಹತ್ತು ಸೆಕೆಂಡ್ ಶೂನ್ಯ ನೋಡಿ, ಏನೂ ಆಗದ ಹಾಗೆ ಮತ್ತೆ ಓದಲು ಶುರು ಮಾಡಿದರೆ ಅದು ಫಿಟ್ಸ್ ಇರಬಹುದು. ದಿನಕ್ಕೆ ಹತ್ತಾರು ಸಲ ಬಂದರೂ ಮನೆಯಲ್ಲಿ ಗೊತ್ತಾಗುವುದಿಲ್ಲ. ಇನ್ನು ಕೆಲವರು ತುಟಿ ಚಪ್ಪರಿಸುತ್ತಾರೆ, ಬಟ್ಟೆಯ ಗುಂಡಿ ಎಳೆಯುತ್ತಾರೆ, ಕರೆದರೆ ಉತ್ತರ ಇಲ್ಲ. ಲಕ್ಷ್ಯ ಇಲ್ಲ ಅಂತ ಬೈಸಿಕೊಳ್ಳುವ ಇಂಥ ಮಕ್ಕಳನ್ನು ಮೊದಲು ಗುರುತಿಸಬಲ್ಲವರು ನೀವೇ. ಹೆಸರು ಕರೆದಾಗ, ಭುಜ ಮುಟ್ಟಿದಾಗ ತಿರುಗಿದರೆ ಅದು ಹಗಲುಗನಸು ಇರಬಹುದು. ಮುಟ್ಟಿದರೂ ತಿರುಗದಿದ್ದರೆ ಪೋಷಕರಿಗೆ ತಿಳಿಸಿ.

ಫೋನ್ ಮಾಡಿದ ಪೋಷಕರಿಗೆ ಹೀಗೆ ಹೇಳಬಹುದು: "ಯಾವ ಮಗುವಿನ ಆರೋಗ್ಯದ ವಿಷಯವನ್ನೂ ನಾವು ಇನ್ನೊಬ್ಬರಿಗೆ ಹೇಳುವುದಿಲ್ಲ, ನಿಮ್ಮ ಮಗುವಿನದನ್ನೂ ಹೇಳುವುದಿಲ್ಲ. ಫಿಟ್ಸ್ ಅಂಟುವ ಕಾಯಿಲೆ ಅಲ್ಲ. ನಿಮ್ಮ ಮಗುವಿಗೆ ನೋಡಿ ಹೆದರಿಕೆಯಾಗಿದ್ದರೆ ಅದರ ಜೊತೆ ನಾನು ಮಾತಾಡುತ್ತೇನೆ." ಅಷ್ಟು ಸಾಕು. ಅವರು ಇನ್ನೂ ಕೆದಕಿದರೂ ನೀವು ಮುಂದಕ್ಕೆ ಹೋಗಬೇಡಿ.

ಮಕ್ಕಳು ಕೇಳುವ ಪ್ರಶ್ನೆ ಬೇರೆ ಇರುತ್ತದೆ. "ಸತ್ತುಹೋಗ್ತಾರಾ?" ಅಂತ ಕೇಳುತ್ತಾರೆ. ಹೆಚ್ಚಿನ ಫಿಟ್ಸ್‌ನಿಂದ ಯಾರೂ ಸಾಯುವುದಿಲ್ಲ, ನಾವು ಸರಿಯಾಗಿ ನೋಡಿಕೊಂಡರೆ ಅಪಾಯ ಇನ್ನೂ ಕಡಿಮೆ, ಅಂತ ಅವರಿಗೆ ಹೇಳಿ. ನಿಮಗೆ ಪೂರ್ತಿ ಹೇಳುತ್ತೇನೆ. ನೀರಿನಲ್ಲಿ ಬಂದರೆ, ನಿಲ್ಲದೇ ಹೋದರೆ ಜೀವಕ್ಕೆ ಅಪಾಯ ಇದೆ. ಅಪರೂಪಕ್ಕೆ, ಬೇರೆ ಕಾರಣ ಕಾಣದೆ, ಬಹಳ ಸಲ ನಿದ್ದೆಯಲ್ಲಿ, ಸಾವು ಬರುವುದೂ ಉಂಟು. ಮೂರ್ಛೆ ರೋಗ ಇರುವ ಮಕ್ಕಳಲ್ಲಿ ಅದು ವರ್ಷಕ್ಕೆ ಸುಮಾರು 4500ಕ್ಕೆ ಒಬ್ಬರು, ದೊಡ್ಡವರಲ್ಲಿ ಸುಮಾರು 1000ಕ್ಕೆ ಒಬ್ಬರು. ಮೈ ಪೂರ್ತಿ ಅದುರುವ ಫಿಟ್ಸ್ ಹತೋಟಿಗೆ ಬಾರದವರಲ್ಲಿ ಈ ಅಪಾಯ ಜಾಸ್ತಿ. ಮಾತ್ರೆ ತಪ್ಪಿಸಬೇಡಿ ಅಂತ ನಾವು ಪದೇ ಪದೇ ಹೇಳುವುದಕ್ಕೆ ಇದೂ ಒಂದು ಕಾರಣ.

ತಾಯಿಗೆ ಹೇಳಲು ಒಳ್ಳೆಯ ಮಾತೂ ಇದೆ. ಸರಿಯಾದ ಔಷಧಿ ಸಿಕ್ಕರೆ ನೂರರಲ್ಲಿ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು. ಎರಡು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ನಿಲ್ಲದಿದ್ದರೆ ಶಸ್ತ್ರಚಿಕಿತ್ಸೆ ಆಗುತ್ತದಾ ಅಂತ ದೊಡ್ಡ ಕೇಂದ್ರದಲ್ಲಿ ನೋಡಿಸಬೇಕು, ವರ್ಷಗಟ್ಟಲೆ ಕಾಯಬಾರದು. ಎಷ್ಟು ದಿನ ಮಾತ್ರೆ ಅಂತ ಕೇಳುತ್ತಾರೆ. ಹಲವು ಮಕ್ಕಳಲ್ಲಿ ಎರಡು ವರ್ಷ ಫಿಟ್ಸ್ ಬಾರದಿದ್ದರೆ ನಿಧಾನವಾಗಿ ಇಳಿಸುವ ಯೋಚನೆ ಮಾಡುತ್ತೇವೆ. ನಾನು ಮೇಲೆ ಹೇಳಿದ ಬೆಳಗಿನ ಜಗ್ಗುವಿಕೆಯ ಬಗೆಯಾದರೆ ಬಹುಕಾಲ ಬೇಕಾಗುತ್ತದೆ, ಆದರೆ ಅದು ಔಷಧಿಗೆ ಚೆನ್ನಾಗಿ ಬಗ್ಗುವ ಕಾಯಿಲೆ.

ಅವಳು ಓಡಲಿ, ಆಡಲಿ, ನಾಟಕ ಮಾಡಲಿ. ಈಜುವುದಾದರೆ ವಿಷಯ ಗೊತ್ತಿರುವ, ಈಜು ಬರುವ ಒಬ್ಬರು ಕಣ್ಣಿಟ್ಟಿರಬೇಕು. ಬಚ್ಚಲಿನ ಬಾಗಿಲಿಗೆ ಚಿಲಕ ಹಾಕದಿರಲಿ. ಮಿನುಗುವ ಬೆಳಕಿನಿಂದ ಫಿಟ್ಸ್ ಬರುವುದು ಈ ಕಾಯಿಲೆ ಇರುವ ನೂರರಲ್ಲಿ ಸುಮಾರು ಮೂರು ಜನಕ್ಕೆ ಮಾತ್ರ. ಹಾಗಾಗಿ ಇಇಜಿಯಲ್ಲಿ ಅಂಥದ್ದೇನೂ ಕಾಣದಿದ್ದರೆ ಕಂಪ್ಯೂಟರ್ ತರಗತಿಯಿಂದ ಹೊರಗಿಡಬೇಡಿ. ಪರೀಕ್ಷೆಯ ದಿನಗಳಲ್ಲಿ ನಿದ್ದೆಗೆಟ್ಟು ಓದುವುದು ಮಾತ್ರ ಅವಳಿಗೆ ಆಗದ ಮಾತು.

ಕೊನೆಗೆ ಒಂದು ಹಾಳೆ ಬರೆದಿಡಿ. ಅವಳ ಫಿಟ್ಸ್ ಹೇಗಿರುತ್ತದೆ, ಸಾಮಾನ್ಯವಾಗಿ ಎಷ್ಟು ಹೊತ್ತು ಇರುತ್ತದೆ, ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಯಾರಿಗೆ ಫೋನ್ ಮಾಡಬೇಕು, 5 ನಿಮಿಷ ದಾಟಿದರೆ ಏನು ಮಾಡಬೇಕು. ಕೆಲವು ಮಕ್ಕಳಿಗೆ ಕೆನ್ನೆಯ ಒಳಗೋ ಮೂಗಿಗೋ ಹಾಕುವ, ಫಿಟ್ಸ್ ನಿಲ್ಲಿಸುವ ಮಿಡಜೋಲಮ್ ಔಷಧಿಯನ್ನು ಡಾಕ್ಟರ್ ಬರೆದುಕೊಡುತ್ತಾರೆ. ಹಾಗಿದ್ದರೆ ಅದನ್ನು ಎಲ್ಲಿಟ್ಟಿದೆ, ಯಾರು ಹಾಕಬೇಕು ಅನ್ನುವುದೂ ಅದರಲ್ಲಿರಲಿ. ತಾಯಿ ಮತ್ತು ಡಾಕ್ಟರ್ ಇಬ್ಬರೂ ಅದಕ್ಕೆ ಸಹಿ ಹಾಕಲಿ. ಗೋಡೆಗೆ ಅಂಟಿಸಬೇಡಿ. ಮುಚ್ಚಿದ ಕವರಿನಲ್ಲಿ ನಿಮ್ಮ ಹತ್ತಿರ ಒಂದು, ಕಚೇರಿಯಲ್ಲಿ ಒಂದು ಇರಲಿ. ಮಾತ್ರೆಯ ಪ್ರಮಾಣ ಬದಲಾದಾಗ ಹಳೆಯದನ್ನು ಹರಿದು ಹೊಸದು ಬರೆಯಿರಿ. ನೀವು ರಜೆ ಹಾಕಿದ ದಿನ ತರಗತಿಗೆ ಬರುವ ಶಿಕ್ಷಕರ ಕೈಗೆ ಹಾಜರಿ ಪುಸ್ತಕದ ಜೊತೆಗೇ ಆ ಕವರ್ ಹೋಗಬೇಕು.